ದೋಣಿ ಕಟ್ಟಬೇಕಾದದ್ದು ಬರಲಿರುವ ನೀರಿಗೆ

ಬೆಂಗಳೂರು: ಪಶ್ಚಿಮ ಬೆಂಗಳೂರಿನ ಮಲ್ಲತ್ತಹಳ್ಳಿಯಲ್ಲಿ ನದಿಯಿಲ್ಲ, ಇರುವುದು ಸುಮಾರು 70 ಎಕರೆ ವಿಸ್ತಾರದ ಒಂದು ಕೆರೆ. ಆದರೆ ಆ ಕೆರೆಯ ಕೋಡಿ ದಾಟಿದ ನೀರು ವೃಷಭಾವತಿ ಕಣಿವೆಯನ್ನು ಸೇರುತ್ತದೆ. ವೃಷಭಾವತಿ ಅರ್ಕಾವತಿಯನ್ನು ಕೂಡುತ್ತದೆ, ಅರ್ಕಾವತಿ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ರಾಜಾಜಿನಗರ, ವಿಜಯನಗರ, ಕೆಂಗೇರಿ ಕಡೆಯ ಕುಟುಂಬಗಳು ವಾರಾಂತ್ಯದಲ್ಲಿ ಮೇಕೆದಾಟು ನೋಡಲು ಹೋಗಿ ಹರಿಗೋಲು ಹತ್ತುವುದೂ ಅದೇ ಸಂಗಮದಲ್ಲಿ.

ಹಾಗೆ ಹತ್ತಿದವರಿಗೆ ನಡುನೀರಿನ ಭಯವೇ ದೊಡ್ಡದು. ದೋಣಿ ದಡಕ್ಕೆ ತಾಗಿದೊಡನೆ ಎಲ್ಲರೂ ನಿಶ್ಚಿಂತರಾಗಿ ಎದ್ದು ನಿಲ್ಲುತ್ತಾರೆ. ವಾಸ್ತವದಲ್ಲಿ ದಡವೂ ನಡುನೀರಿನಷ್ಟೇ ಎಚ್ಚರ ಬೇಡುವ ಜಾಗ. ಸರಿಯಾಗಿ ಕಟ್ಟದ ದೋಣಿ ಇಳಿಯುವವರ ಕಾಲಡಿಯಿಂದ ಜಾರುತ್ತದೆ. ರಾತ್ರಿ ಏರಿದ ನೀರಿನಲ್ಲಿ ಮುಳುಗುತ್ತದೆ. ಹಗ್ಗ ಕಡಿದುಕೊಂಡು ಹೋದರೆ ಕೆಳಗಿನ ಸೇತುವೆಗೋ ಅಣೆಕಟ್ಟೆಯ ಗೇಟಿಗೋ ಅಪ್ಪಳಿಸುತ್ತದೆ.

ದೋಣಿಯನ್ನು ದಡಕ್ಕೆ ಕಟ್ಟುವುದು ನೋಡುವವರಿಗೆ ಕ್ಷಣದ ಕೆಲಸ. ಒಂದು ಗೂಟ, ಒಂದು ಹಗ್ಗ, ಒಂದು ಗಂಟು. ಆದರೆ ಅದರ ಹಿಂದೆ ಒಂದು ಮುನ್ನೋಟ ಇರಬೇಕಾಗುತ್ತದೆ. ಕಟ್ಟುವ ಕ್ಷಣದಲ್ಲಿ ಕಾಣುವ ನೀರಿಗೆ ಕಟ್ಟಿದ ದೋಣಿ ಆ ಕ್ಷಣಕ್ಕೆ ಮಾತ್ರ ಭದ್ರ. ಮುಂದಿನ ಹನ್ನೆರಡು ಗಂಟೆಗಳಲ್ಲಿ ನೀರು ಎಷ್ಟು ಏರಬಹುದು, ಎಷ್ಟು ಇಳಿಯಬಹುದು, ಎಷ್ಟು ರಭಸ ಪಡೆಯಬಹುದು ಎಂಬುದನ್ನು ಅಂದಾಜಿಸಿ ಕಟ್ಟಿದ ದೋಣಿಯೇ ಬೆಳಿಗ್ಗೆಯೂ ಅಲ್ಲಿರುತ್ತದೆ.

ತಿಳಿಯಾದ ಆಕಾಶ, ಏರುವ ನದಿ

ನದಿಯ ಮಟ್ಟ ಏರಲು ಅದೇ ಊರಿನಲ್ಲಿ ಮಳೆಯಾಗಬೇಕೆಂದಿಲ್ಲ. ಸಂಗಮದಲ್ಲಿ ಬಿಸಿಲು ಕಾಯುತ್ತಿರುವಾಗಲೂ ಕೊಡಗಿನಲ್ಲಿ ಸುರಿದ ಮಳೆ ಕೃಷ್ಣರಾಜಸಾಗರದ ಮೂಲಕ, ಕೇರಳದ ವಯನಾಡಿನಲ್ಲಿ ಸುರಿದ ಮಳೆ ಕಬಿನಿಯ ಮೂಲಕ ಅಲ್ಲಿಗೆ ಬರುತ್ತದೆ. ಎರಡೂ ನದಿಗಳು ತಿ. ನರಸೀಪುರದಲ್ಲಿ ಕೂಡುವುದರಿಂದ ಎರಡೂ ಜಲಾಶಯಗಳಿಂದ ಒಂದೇ ಹೊತ್ತಿನಲ್ಲಿ ನೀರು ಬಿಟ್ಟರೆ ಕೆಳಗಿನ ಪಾತ್ರದಲ್ಲಿ ಅದರ ಪರಿಣಾಮ ಒಟ್ಟಾಗುತ್ತದೆ. ಬೆಂಗಳೂರಿನಲ್ಲಿ ಸುರಿದ ಭಾರಿ ಮಳೆ ಅರ್ಕಾವತಿಯ ಕಡೆಯಿಂದ ಬಂದು ಸೇರುವುದೂ ಉಂಟು.

ಸುದ್ದಿಯಲ್ಲಿ ಕೇಳಿಬರುವ ಕ್ಯೂಸೆಕ್ ಎಂಬ ಮಾತಿನ ಅರ್ಥ ತಿಳಿದಿದ್ದರೆ ಈ ನೀರಿನ ಪ್ರಮಾಣ ಮನಸ್ಸಿಗೆ ಬರುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್. ಜಲಾಶಯದಿಂದ 1 ಲಕ್ಷ ಕ್ಯೂಸೆಕ್ ನೀರು ಬಿಡಲಾಗಿದೆ ಎಂದರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಹೆಚ್ಚು ನೀರು ನದಿಗೆ ಇಳಿಯುತ್ತಿದೆ ಎಂದರ್ಥ. ಕೆ.ಆರ್.ಎಸ್.ನಿಂದ ಹೊರಹರಿವು ಹೆಚ್ಚಿಸಿದಾಗ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಪಕ್ಷಿಧಾಮದಲ್ಲಿ ದೋಣಿವಿಹಾರ ನಿಲ್ಲಿಸುವುದೂ, ಹೊಗೇನಕಲ್ಲಿನಲ್ಲಿ ಹರಿಗೋಲುಗಳಿಗೆ ನಿಷೇಧ ಹೇರುವುದೂ ಇದೇ ಕಾರಣಕ್ಕೆ.

ಕರಾವಳಿಯಲ್ಲಿ ಲೆಕ್ಕ ಬೇರೆ. ಅಲ್ಲಿನ ಅಳಿವೆಗಳಲ್ಲಿ ಸಮುದ್ರದ ಉಬ್ಬರ ನದಿಯೊಳಕ್ಕೆ ಬರುತ್ತದೆ. ಸುಮಾರು 24 ಗಂಟೆ 50 ನಿಮಿಷಗಳ ಅವಧಿಯಲ್ಲಿ ನೀರು ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ಮಂಗಳೂರಿನ ಬಳಿ ಈ ವ್ಯತ್ಯಾಸ ಒಂದು ಮೀಟರನ್ನು ಮೀರುತ್ತದೆ. ನೀರಿನ ಮಟ್ಟ ಮಾತ್ರವಲ್ಲ, ಹರಿಯುವ ದಿಕ್ಕೂ ಬದಲಾಗುತ್ತದೆ. ಇಳಿತದ ಹೊತ್ತಿನಲ್ಲಿ ಕಡಲಿನ ಕಡೆಗೆ ಎಳೆಯುತ್ತಿದ್ದ ನೀರು ಉಬ್ಬರದಲ್ಲಿ ಒಳನಾಡಿನ ಕಡೆಗೆ ನೂಕುತ್ತದೆ. ಒಂದು ದಿಕ್ಕಿನ ಸೆಳವಿಗೆ ಮಾತ್ರ ಕಟ್ಟಿದ ದೋಣಿ ಮರುಹೊತ್ತಿನಲ್ಲಿ ಮಗ್ಗುಲು ಬದಲಿಸಿ ಕಲ್ಲಿಗೆ ಬಡಿಯುವುದು ಹೀಗೆ.

ಜಲಾಶಯದ ಹಿನ್ನೀರಿನಲ್ಲಿ ಏರಿಳಿತ ನಿಧಾನ, ಆದರೆ ಬಹು ದೊಡ್ಡದು. ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಬೇಸಿಗೆಯ ಕೊನೆಯಲ್ಲಿ ನೀರು ಅದಕ್ಕಿಂತ ಹತ್ತಾರು ಅಡಿ ಕೆಳಗಿರುತ್ತದೆ. ಸಿಗಂದೂರಿಗೆ ಹೋಗುವ ಭಕ್ತರನ್ನೂ ವಾಹನಗಳನ್ನೂ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ದಶಕಗಳ ಕಾಲ ಸಾಗಿಸಿದ ಲಾಂಚ್‌ಗಳಿಗೆ ಇದು ಪ್ರತಿ ವರ್ಷದ ತೊಡಕಾಗಿತ್ತು. ದಡವೇ ಋತುವಿಗೊಮ್ಮೆ ಜಾಗ ಬದಲಿಸುವಲ್ಲಿ ಲಾಂಚ್ ಎಲ್ಲಿ ನಿಲ್ಲಬೇಕು, ವಾಹನ ಯಾವ ಇಳಿಜಾರಿನಲ್ಲಿ ಹತ್ತಬೇಕು ಎಂಬುದೇ ಪ್ರಶ್ನೆ. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲಿನ ತೂಗುಸೇತುವೆ ಉದ್ಘಾಟನೆಯಾಗುವುದರೊಂದಿಗೆ ಆ ದಾರಿಯ ಪ್ರಯಾಣಿಕರಿಗೆ ಈ ಅವಲಂಬನೆ ತಪ್ಪಿತು.

ನಾಲೆಗಳ ಸ್ವಭಾವ ಮತ್ತೊಂದು ಬಗೆಯದು. ಮಂಡ್ಯ ಸೀಮೆಯ ವಿಶ್ವೇಶ್ವರಯ್ಯ ನಾಲೆಯಂತಹ ನೀರಾವರಿ ಕಾಲುವೆಗಳಲ್ಲಿ ಕಟ್ಟುಪದ್ಧತಿಯಂತೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸಲಾಗುತ್ತದೆ. ಅಲ್ಲಿ ಪ್ರಕೃತಿಗಿಂತ ಗೇಟಿನ ಕೀಲಿಯೇ ನೀರಿನ ಮಟ್ಟವನ್ನು ನಿರ್ಧರಿಸುತ್ತದೆ. ಇವು ದೋಣಿ ಸಂಚಾರಕ್ಕಾಗಿ ಕಟ್ಟಿದ ಕಾಲುವೆಗಳೂ ಅಲ್ಲ. ಸಿಮೆಂಟಿನ ಇಳಿಜಾರು ಅಂಚಿನಲ್ಲಿ ಕಾಲು ಜಾರಿದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ದುರಸ್ತಿಗೋ ಶೋಧಕ್ಕೋ ದೋಣಿ ಇಳಿಸಲೇಬೇಕಾದರೆ ಮೊದಲು ನೀರಾವರಿ ಸಿಬ್ಬಂದಿಯಿಂದ ನೀರು ಬಿಡುವ ವೇಳೆ ತಿಳಿಯುವುದು ಅನಿವಾರ್ಯ.

ರಭಸ ಇಮ್ಮಡಿ, ಒತ್ತಡ ನಾಲ್ಮಡಿ

ನೀರು ಹಗ್ಗದ ಮೇಲೆ ಹಾಕುವ ಬಲವನ್ನು ಕಣ್ಣಳತೆಯಿಂದ ಅರಿಯುವುದು ಕಷ್ಟ. ಸೆಳವಿನ ವೇಗ ಇಮ್ಮಡಿಯಾದರೆ ಅದು ದೋಣಿಯನ್ನು ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು.

ಸ್ಥೂಲವಾದ ಒಂದು ಲೆಕ್ಕ ಹೀಗಿದೆ. ನೀರಿಗೆ ಎದುರಾಗಿ ಒಂದು ಚದರ ಮೀಟರ್ ಮೈಯೊಡ್ಡಿದ ದೋಣಿಯ ಮೇಲೆ, ಸೆಕೆಂಡಿಗೆ 1 ಮೀಟರ್ ವೇಗದ ನೀರು ಸುಮಾರು 50 ಕಿಲೋ ತೂಕದಷ್ಟು ಬಲ ಹಾಕುತ್ತದೆ. ವೇಗ 2 ಮೀಟರ್ ಆದರೆ ಅದು 200 ಕಿಲೋ, 3 ಮೀಟರ್ ಆದರೆ 450 ಕಿಲೋ. ಸಂಜೆ ಒಬ್ಬ ವ್ಯಕ್ತಿ ಒಂದೇ ಕೈಯಲ್ಲಿ ಹಿಡಿದು ನಿಲ್ಲಿಸಿದ್ದ ದೋಣಿಯನ್ನು ಬೆಳಗಿನ ಜಾವ ಆರೇಳು ಜನ ಸೇರಿದರೂ ನಿಲ್ಲಿಸಲಾಗದಿರುವುದು ಇದರಿಂದಲೇ.

ದೋಣಿ ಯಾವ ಕೋನದಲ್ಲಿದೆ ಎಂಬುದೂ ಮುಖ್ಯ. ಮುಂಭಾಗವನ್ನು ಸೆಳವಿಗೆ ಎದುರಾಗಿಟ್ಟ ಉದ್ದನೆಯ ದೋಣಿ ನೀರನ್ನು ಸೀಳುತ್ತದೆ. ಅದೇ ದೋಣಿ ಅಡ್ಡಲಾಗಿ ತಿರುಗಿದರೆ ಅದರ ಇಡೀ ಪಕ್ಕ ನೀರಿಗೆ ಗೋಡೆಯಾಗುತ್ತದೆ. ಬಲ ಹಲವು ಪಟ್ಟು ಹೆಚ್ಚಾಗಿ, ನೀರು ಮೇಲಿನ ಅಂಚನ್ನು ಒತ್ತಿ ಒಳಗೆ ನುಗ್ಗುತ್ತದೆ. ಒಂದೇ ಹಗ್ಗ ಉಳಿದು ಇನ್ನೊಂದು ಬಿಚ್ಚಿಕೊಂಡಾಗ ಸಂಭವಿಸುವುದು ಸಾಮಾನ್ಯವಾಗಿ ಇದೇ.

ಜಾಗದ ಆಯ್ಕೆ

ನದಿ ತಿರುವು ಪಡೆಯುವಲ್ಲಿ ಹೊರ ಅಂಚಿನಲ್ಲಿ ಸೆಳವು ಹೆಚ್ಚು, ಆಳವೂ ಹೆಚ್ಚು. ನೀರು ಅಲ್ಲಿ ದಡದ ಬುಡವನ್ನು ಕೊರೆಯುತ್ತಿರುತ್ತದೆ. ಮೇಲೆ ಗಟ್ಟಿಯಾಗಿ ಕಾಣುವ ಮಣ್ಣಿನ ಅಡಿ ಟೊಳ್ಳಾಗಿರಬಹುದು. ಒಳ ಅಂಚಿನಲ್ಲಿ ಸೆಳವು ಕಡಿಮೆ, ಆದರೆ ಮರಳು ತುಂಬಿ ಆಳವಿರುವುದಿಲ್ಲ. ನೀರು ಇಳಿದರೆ ದೋಣಿ ಒಣ ಮರಳಿನ ಮೇಲೆ ಓರೆಯಾಗಿ ಕೂರುತ್ತದೆ. ಆದ್ದರಿಂದ ನೇರವಾಗಿ ಹರಿಯುವ ಪಾತ್ರದ, ಗಟ್ಟಿ ದಡದ, ತಕ್ಕಮಟ್ಟಿನ ಆಳದ ಜಾಗ ಉತ್ತಮ.

ಕೆಲವು ಜಾಗಗಳನ್ನು ಮೊದಲೇ ಬಿಡಬೇಕಾಗುತ್ತದೆ. ಅಣೆಕಟ್ಟೆ, ತೂಬು, ಗೇಟು, ನೀರೆತ್ತುವ ಪಂಪುಗಳ ಸಮೀಪ, ಅದರಲ್ಲಿಯೂ ಅವುಗಳ ಮೇಲ್ಭಾಗದಲ್ಲಿ ದೋಣಿ ಕಟ್ಟಬಾರದು. ಕಡಿದುಹೋದರೆ ಅದು ನೇರವಾಗಿ ಹೋಗಿ ಸೇರುವುದು ಅಲ್ಲಿಗೆ. ಸೇತುವೆಯ ಕಂಬಗಳ ಬಳಿ ಸುಳಿ ಏಳುತ್ತದೆ. ಒಣಗಿದ ಕೊಂಬೆಗಳ ಮರ ಗಾಳಿಗೆ ಮುರಿದು ದೋಣಿಯ ಮೇಲೆ ಬೀಳಬಹುದು. ನದಿಗೆ ಉಪಹಳ್ಳ ಸೇರುವ ಬಾಯಿಯಲ್ಲಿ ಒಂದೇ ಮಳೆಗೆ ಸೆಳವು ಅಡ್ಡಲಾಗಿ ನುಗ್ಗುತ್ತದೆ.

ಸೆಳವಿಗೆ ಎದುರಾಗಿ ಬರುವುದು

ದಡಕ್ಕೆ ಬರುವಾಗ ದೋಣಿಯ ಮುಂಭಾಗ ನೀರು ಬರುವ ದಿಕ್ಕಿಗೆ ಇರಬೇಕೆಂಬುದು ಎಲ್ಲ ನದಿಗಳಲ್ಲಿಯೂ ಮೊದಲ ನಿಯಮ. ಹೀಗೆ ಬಂದಾಗ ಸೆಳವೇ ದೋಣಿಯ ವೇಗವನ್ನು ತಗ್ಗಿಸುತ್ತದೆ; ಹುಟ್ಟು ಹಾಕುವವನಿಗೂ ಎಂಜಿನ್ ನಡೆಸುವವನಿಗೂ ಹಿಡಿತ ಉಳಿಯುತ್ತದೆ. ಸೆಳವಿನ ಜೊತೆಗೇ ಬಂದರೆ ನಿಲ್ಲಿಸಲು ಹಿಂದಕ್ಕೆ ಎಳೆಯಬೇಕು, ಆಗ ಹಿಂಭಾಗ ಹೊರಕ್ಕೆ ತಿರುಗುತ್ತದೆ.

ಮೊದಲು ಕಟ್ಟಬೇಕಾದದ್ದು ಸೆಳವಿಗೆ ಎದುರಾಗಿರುವ ತುದಿಯ ಹಗ್ಗವನ್ನು. ಅದನ್ನು ದಡದಲ್ಲಿ ದೋಣಿಗಿಂತ ಮೇಲ್ಭಾಗಕ್ಕೆ ಒಯ್ದು ಕಟ್ಟಿದರೆ ದೋಣಿ ತಾನಾಗಿಯೇ ದಡಕ್ಕೆ ಸಮಾನಾಂತರವಾಗಿ ಬಂದು ನಿಲ್ಲುತ್ತದೆ. ಹಿಂಭಾಗವನ್ನು ಮೊದಲು ಕಟ್ಟಿದರೆ ಮುಂಭಾಗ ನದಿಯ ನಡುವಿಗೆ ತಿರುಗಿ ದೋಣಿ ಅಡ್ಡವಾಗುತ್ತದೆ. ಬಿಚ್ಚುವಾಗ ಕ್ರಮ ತಿರುಗುಮುರುಗು: ಹಿಂದಿನದು ಮೊದಲು, ಸೆಳವಿಗೆ ಎದುರಾದದ್ದು ಕೊನೆಗೆ.

ಹಗ್ಗ ಹಿಡಿದು ದಡಕ್ಕೆ ಜಿಗಿಯುವುದು ಸಿನಿಮಾದಲ್ಲಿ ಚೆನ್ನ. ಪಾಚಿ ಕಟ್ಟಿದ ಸೋಪಾನದ ಮೇಲೆ ಅದೇ ಅಪಘಾತಕ್ಕೆ ದಾರಿ. ದೋಣಿ ದಡಕ್ಕೆ ತಾಗಿದ ಮೇಲೆ ಕಾಲಿಟ್ಟು ಇಳಿಯಬೇಕು, ಇಲ್ಲವೇ ದಡದಲ್ಲಿರುವವರಿಗೆ ಹಗ್ಗ ಎಸೆಯಬೇಕು. ಎಳೆತಕ್ಕೆ ಸಿಕ್ಕ ಹಗ್ಗವನ್ನು ಕೈಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಳ್ಳಬಾರದು. ಮರಕ್ಕೋ ಗೂಟಕ್ಕೋ ಒಂದು ಸುತ್ತು ಹಾಕಿ ಹಿಡಿದರೆ ತಿಕ್ಕಾಟವೇ ಬಹುಪಾಲು ಭಾರ ಹೊರುತ್ತದೆ.

ಉದ್ದ ಹಗ್ಗದ ಗುಟ್ಟು

ದೋಣಿ ಅಲುಗಾಡದಿರಲೆಂದು ಗಿಡ್ಡ ಹಗ್ಗದಿಂದ ಬಿಗಿದು ಕಟ್ಟುವುದು ಸಾಮಾನ್ಯ ತಪ್ಪು. ನೀರು ಇಳಿದಾಗ ಹಾಗೆ ಕಟ್ಟಿದ ದೋಣಿ ದಡಕ್ಕೆ ನೇತುಬಿದ್ದು ವಾಲುತ್ತದೆ. ಏರಿದಾಗ ಕಟ್ಟಿದ ಪಕ್ಕವನ್ನು ಹಗ್ಗ ಕೆಳಗೆ ಹಿಡಿದುಕೊಂಡು ಆ ಅಂಚಿನಿಂದ ನೀರು ಒಳಬರುತ್ತದೆ.

ಉದ್ದ ಹಗ್ಗ ಇದನ್ನು ಹೇಗೆ ತಡೆಯುತ್ತದೆ ಎಂಬುದಕ್ಕೆ ಶಾಲೆಯ ರೇಖಾಗಣಿತವೇ ಸಾಕು. ಗೂಟಕ್ಕೂ ದೋಣಿಗೂ ನಡುವೆ 2 ಮೀಟರ್ ಹಗ್ಗವಿದ್ದು ನೀರು 1 ಮೀಟರ್ ಇಳಿದರೆ, ದೋಣಿ ವಾಲದೆ ಉಳಿಯಲು ಇನ್ನೂ 24 ಸೆಂಟಿಮೀಟರಿನಷ್ಟು ಹಗ್ಗ ಬೇಕು. ಅದೇ 10 ಮೀಟರ್ ಹಗ್ಗವಾಗಿದ್ದರೆ ಬೇಕಾಗುವ ಹೆಚ್ಚುವರಿ ಉದ್ದ ಕೇವಲ 5 ಸೆಂಟಿಮೀಟರ್. ಹಗ್ಗದ ಸ್ವಾಭಾವಿಕ ಸಡಿಲವೇ ಅದನ್ನು ತುಂಬಿಕೊಡುತ್ತದೆ.

ಆದ್ದರಿಂದ ಮುಂದಿನ ಹಗ್ಗವನ್ನು ಮುಂದಕ್ಕೂ ಹಿಂದಿನ ಹಗ್ಗವನ್ನು ಹಿಂದಕ್ಕೂ ಓರೆಯಾಗಿ ದೂರ ಒಯ್ದು ಕಟ್ಟಲಾಗುತ್ತದೆ. ಇವೆರಡರ ಜೊತೆಗೆ ಇನ್ನೆರಡು ಓರೆಹಗ್ಗಗಳಿದ್ದರೆ ಕಟ್ಟು ಪೂರ್ಣ: ಒಂದು ದೋಣಿಯ ಮುಂಭಾಗದಿಂದ ಹಿಂದಿನ ಗೂಟದ ಕಡೆಗೆ, ಇನ್ನೊಂದು ಹಿಂಭಾಗದಿಂದ ಮುಂದಿನ ಗೂಟದ ಕಡೆಗೆ. ಇವು ದೋಣಿಯ ಹಿಂದುಮುಂದಿನ ಓಡಾಟವನ್ನು ತಡೆಯುತ್ತವೆ, ಆದರೆ ಏರಿಳಿತಕ್ಕೆ ಅಡ್ಡಿ ಮಾಡುವುದಿಲ್ಲ. ಉಬ್ಬರ ಇಳಿತದ ನದಿಯಲ್ಲಿ ಸೆಳವಿನ ದಿಕ್ಕು ತಿರುಗುವುದರಿಂದ ಈ ನಾಲ್ಕೂ ಹಗ್ಗಗಳು ಬೇಕೇ ಬೇಕು.

ಗೂಟ, ಗಂಟು ಮತ್ತು ಹಗ್ಗದ ಜಾತಿ

ಗೂಟವನ್ನು ನೆಟ್ಟಗೆ ಹೊಡೆಯುವುದಕ್ಕಿಂತ ಅದರ ತಲೆ ದೋಣಿಯಿಂದ ಆಚೆಗೆ ವಾಲುವಂತೆ ಓರೆಯಾಗಿ ಹೊಡೆಯುವುದು ಲೇಸು. ಹಗ್ಗವನ್ನು ಗೂಟದ ತಲೆಗೆ ಕಟ್ಟದೆ ನೆಲಕ್ಕೆ ತಾಗಿದಂತೆ ಕಟ್ಟಬೇಕು. ಮೇಲೆ ಕಟ್ಟಿದಷ್ಟೂ ಅದು ಸನ್ನೆಯಂತೆ ಗೂಟವನ್ನು ಕಿತ್ತೆಬ್ಬಿಸುತ್ತದೆ. ದಡದ ಅಂಚಿನಿಂದ ದೂರವಿರಬೇಕು. ಬೇಸಿಗೆಯಲ್ಲಿ ಸುತ್ತಿಗೆಗೂ ಜಗ್ಗದ ಮಣ್ಣು ಒಂದು ರಾತ್ರಿಯ ಮಳೆಗೆ ಕೆಸರಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಬೇರು ಗಟ್ಟಿಯಿರುವ ಮರ ಸಿಕ್ಕಿದರೆ ಗೂಟಕ್ಕಿಂತ ಮೇಲು. ವಿದ್ಯುತ್ ಕಂಬ, ಮೆಟ್ಟಿಲ ಕಟಕಟೆ, ಬೇಲಿಯ ಕಂಬಗಳಿಗೆ ಎಂದೂ ಕಟ್ಟಬಾರದು.

ಕಾಲುವೆಗಳಲ್ಲಿಯೇ ದೋಣಿಮನೆಗಳಿರುವ ಬ್ರಿಟನ್ನಿನಲ್ಲಿಯೂ ಕಬ್ಬಿಣದ ಗೂಟಗಳೇ ಬಳಕೆಯಲ್ಲಿವೆ. ಅಲ್ಲಿನ ಕಿರುಕಾಲುವೆಗಳಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ. ಆದರೂ ಕಟ್ಟಿದ ದೋಣಿಗಳನ್ನು ದಾಟುವಾಗ ಅದಕ್ಕಿಂತಲೂ ನಿಧಾನಿಸುವುದು ಶಿಷ್ಟಾಚಾರ. ಪಕ್ಕದಲ್ಲಿ ವೇಗವಾಗಿ ಸಾಗಿದ ದೋಣಿ ನೀರನ್ನು ಸೆಳೆದು ನಿಂತ ದೋಣಿಯನ್ನು ಜಗ್ಗುತ್ತದೆ, ಪದೇ ಪದೇ ಜಗ್ಗಿದರೆ ಗೂಟ ಕಿತ್ತುಬರುತ್ತದೆ. ನಮ್ಮ ಹಿನ್ನೀರು, ಅಳಿವೆಗಳಲ್ಲಿ ಓಡುವ ಸ್ಪೀಡ್ ಬೋಟುಗಳ ಚಾಲಕರಿಗೂ ಈ ಮಾತು ಅನ್ವಯಿಸುತ್ತದೆ.

ಗಂಟಿಗೆ ಎರಡು ಗುಣ ಬೇಕು: ಎಳೆದಷ್ಟೂ ಬಿಚ್ಚಿಕೊಳ್ಳಬಾರದು, ಬಿಚ್ಚಬೇಕೆಂದಾಗ ಸಿಕ್ಕಾಗಬಾರದು. ಗೂಟಕ್ಕೆ ಎರಡು ಸುತ್ತು ಸುತ್ತಿ, ಉಳಿದ ತುದಿಯನ್ನು ಎಳೆತದ ಹಗ್ಗದ ಮೇಲೆ ಎರಡು ಬಾರಿ ಅರ್ಧ ಗಂಟು ಹಾಕುವುದು ಸರಳ ಮತ್ತು ಭದ್ರ. ಮರಕ್ಕೆ ಜಾರದ ಕುಣಿಕೆ ಒಳ್ಳೆಯದು. ಜೀರುಗುಣಿಕೆಯನ್ನೇ ನೆಚ್ಚಿಕೊಂಡರೆ ಎಳೆತಕ್ಕೆ ಬಿಗಿದು ಕೊನೆಗೆ ಕತ್ತಿಯಿಂದ ಕೊಯ್ಯಬೇಕಾಗುತ್ತದೆ. ಯಾವ ಗಂಟಾದರೂ ಹಗ್ಗದ ಬಲವನ್ನು ಗಣನೀಯವಾಗಿ ಕುಗ್ಗಿಸುತ್ತದೆ. ಆದ್ದರಿಂದ ಲೆಕ್ಕಕ್ಕೆ ಬೇಕಾದುದಕ್ಕಿಂತ ದಪ್ಪನೆಯ ಹಗ್ಗವನ್ನೇ ಆರಿಸಬೇಕು.

ತೆಂಗಿನ ನಾರಿನ ಹಗ್ಗ ಉಪ್ಪುನೀರನ್ನು ತಾಳುತ್ತದೆ, ಎಳೆತಕ್ಕೆ ಸ್ವಲ್ಪ ಬಳುಕುತ್ತದೆ. ಆದರೆ ದಪ್ಪಕ್ಕೆ ಹೋಲಿಸಿದರೆ ಬಲ ಕಡಿಮೆ. ನೈಲಾನ್ ಬಲವಾದದ್ದು, ಹಿಗ್ಗುವ ಗುಣದಿಂದ ಅಲೆಯ ಜಗ್ಗಾಟವನ್ನು ನುಂಗಿಕೊಳ್ಳುತ್ತದೆ; ಒದ್ದೆಯಾದಾಗ ಬಲ ಸ್ವಲ್ಪ ಕುಂದುತ್ತದೆ. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗ ನೀರಿನಲ್ಲಿ ತೇಲುತ್ತದೆ, ಕೊಳೆಯುವುದಿಲ್ಲ. ಆದರೆ ಬಿಸಿಲು ಅದರ ಶತ್ರು. ಕೆಲವು ಬೇಸಿಗೆ ಕಂಡ ಪ್ಲಾಸ್ಟಿಕ್ ಹಗ್ಗದ ಮೇಲೆ ಬೆರಳಾಡಿಸಿದರೆ ಪುಡಿಪುಡಿಯಾದ ಎಳೆಗಳು ಕೈಗೆ ಅಂಟುತ್ತವೆ. ಅದು ಬದಲಿಸಬೇಕಾದ ಹಗ್ಗವೆಂಬುದಕ್ಕೆ ಬೇರೆ ಪರೀಕ್ಷೆ ಬೇಡ. ಕಲ್ಲಿನ ಅಂಚಿಗೆ ಉಜ್ಜುವ ಕಡೆ ಹಳೆಯ ನೀರಿನ ಪೈಪಿನ ತುಂಡನ್ನೋ ಗೋಣಿಯನ್ನೋ ಸುತ್ತಿದರೆ ಹಗ್ಗದ ಆಯುಸ್ಸು ಹೆಚ್ಚುತ್ತದೆ.

ಸಾಲುಗಟ್ಟಿದ ದೋಣಿಗಳ ಅಪಾಯ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಮಂಗಳೂರಿನ ದಕ್ಕೆ, ಮಲ್ಪೆ, ಗಂಗೊಳ್ಳಿ ಮೊದಲಾದೆಡೆ ಬೋಟುಗಳು ಒಂದರ ಪಕ್ಕ ಒಂದರಂತೆ ಸಾಲುಗಟ್ಟಿ ನಿಲ್ಲುತ್ತವೆ. ಮುಂಗಾರು ಉಕ್ಕಿ, ನದಿಗಳು ತುಂಬಿ ಹರಿಯುವ ಕಾಲವೂ ಅದೇ.

ಜಾಗದ ಕೊರತೆಯಿಂದ ಹೀಗೆ ಕಟ್ಟುವುದು ಅನಿವಾರ್ಯ. ಆದರೆ ಹೊರಗಿನ ದೋಣಿಯನ್ನು ಒಳಗಿನ ದೋಣಿಗೆ ಮಾತ್ರ ಕಟ್ಟಿ ಬಿಟ್ಟರೆ, ಸಾಲಿನಲ್ಲಿರುವ ಎಲ್ಲದರ ಭಾರವನ್ನೂ ದಡಕ್ಕೆ ಅಂಟಿಕೊಂಡಿರುವ ಒಂದೇ ದೋಣಿಯ ಹಗ್ಗಗಳು ಹೊರಬೇಕಾಗುತ್ತದೆ. ಆ ಒಂದು ಹಗ್ಗ ಕಡಿದರೆ ಇಡೀ ಸಾಲು ಹೋಗುತ್ತದೆ. ಸಾಲಿನ ಪ್ರತಿಯೊಂದು ದೋಣಿಯಿಂದಲೂ ದಡಕ್ಕೆ ಅದರದೇ ಆದ ಹಗ್ಗವಿರಬೇಕು ಎಂಬ ನಿಯಮ ಹುಟ್ಟಿರುವುದು ಇದರಿಂದ. ನಡುನಡುವೆ ಹಳೆಯ ಟೈರುಗಳನ್ನು ಇಳಿಬಿಟ್ಟರೆ ಮೈಗೆ ಮೈ ಉಜ್ಜುವುದು ತಪ್ಪುತ್ತದೆ.

ಒತ್ತೊತ್ತಾಗಿ ನಿಲ್ಲಿಸುವುದರಲ್ಲಿ ಬೆಂಕಿಯ ಅಪಾಯವೂ ಇದೆ. 2023ರ ನವೆಂಬರ್ 13ರಂದು, ದೀಪಾವಳಿಯ ಸಮಯದಲ್ಲಿ, ಉಡುಪಿ ಜಿಲ್ಲೆಯ ಗಂಗೊಳ್ಳಿಯಲ್ಲಿ ನಿಲ್ಲಿಸಿದ್ದ ಬೋಟುಗಳಲ್ಲಿ ಬೆಂಕಿ ಒಂದರಿಂದ ಒಂದಕ್ಕೆ ಹಬ್ಬಿ ಹಲವು ಸುಟ್ಟುಹೋದವು. ಒಂದು ಬೋಟನ್ನು ಬೇಗನೆ ಬೇರ್ಪಡಿಸಿ ಎಳೆಯಲು ಸಾಧ್ಯವಾಗುವಂತೆ ನಡುವೆ ಅಂತರ ಬಿಡುವುದು, ಗಂಟುಗಳು ಕೈಗೆ ಸಿಗುವಂತಿರುವುದು, ಕೊಯ್ಯಲು ಕತ್ತಿಯೊಂದು ಹತ್ತಿರದಲ್ಲೇ ಇರುವುದು ಹೀಗಾಗಿ ದೋಣಿ ಕಟ್ಟುವ ವಿದ್ಯೆಯ ಭಾಗವೇ ಆಗಿದೆ.

ಕಡಿದುಹೋದ ದೋಣಿಯ ದಾರಿ

ಸರಿಯಾಗಿ ಕಟ್ಟದ ದೋಣಿಯ ನಷ್ಟ ಮಾಲೀಕನಿಗೆ ಮಾತ್ರ ಎಂದು ಭಾವಿಸುವವರಿಗೆ 2024ರ ವಿಜಯವಾಡದ ಘಟನೆ ಉತ್ತರ. ಕರ್ನಾಟಕದ ಮೂಲಕ ಹರಿದು ಆಂಧ್ರವನ್ನು ಸೇರುವ ಕೃಷ್ಣಾ ನದಿಗೆ ಅಡ್ಡಲಾಗಿ ಅಲ್ಲಿ 1957ರಲ್ಲಿ ಪೂರ್ಣಗೊಂಡ ಪ್ರಕಾಶಂ ಬ್ಯಾರೇಜ್ ಇದೆ. ಅದಕ್ಕೆ 70 ಗೇಟುಗಳು. 2024ರ ಸೆಪ್ಟೆಂಬರ್ ಆರಂಭದಲ್ಲಿ ಹರಿವು 11 ಲಕ್ಷ ಕ್ಯೂಸೆಕ್ ಮೀರಿದ ಮಹಾಪೂರದಲ್ಲಿ, ಮೇಲ್ಭಾಗದ ದಡದಿಂದ ಬಿಚ್ಚಿಕೊಂಡ ಭಾರಿ ದೋಣಿಗಳು ತೇಲಿಬಂದು ಬ್ಯಾರೇಜಿಗೆ ಅಪ್ಪಳಿಸಿದವು. 67, 69 ಮತ್ತು 70ನೆಯ ಗೇಟುಗಳ ಸಮತೋಲನದ ಕಾಂಕ್ರೀಟ್ ದಿಮ್ಮಿಗಳು ಹಾನಿಗೊಂಡವು. ಗೇಟನ್ನು ಎತ್ತಿ ಇಳಿಸುವುದು ಸುಲಭವಾಗುವಂತೆ ಎದುರುಭಾರವಾಗಿ ನಿಲ್ಲುವ ದಿಮ್ಮಿಗಳಿವು.

ದಿಮ್ಮಿಗಳ ಮರುಜೋಡಣೆಗೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ನೆರವು ಪಡೆಯಲಾಯಿತು. ಅದಕ್ಕೆ ಕೆಲವೇ ವಾರಗಳ ಹಿಂದೆ, 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋದ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಜಾಗವನ್ನು ಮುಚ್ಚುವ ಕೆಲಸದಲ್ಲಿ ಹೊಸಪೇಟೆಯಲ್ಲಿ ದುಡಿದವರೂ ಅವರೇ. ಬ್ಯಾರೇಜಿನಲ್ಲಿ ಸಿಕ್ಕಿಕೊಂಡ ದೋಣಿಗಳನ್ನು ಹೊರತೆಗೆಯಲು ಕ್ರೇನು, ಮುಳುಗುಗಾರರು ಬೇಕಾದರು. ಎರಡು ವಾರಗಳಿಗೂ ಹೆಚ್ಚು ಕಾಲ ಹಿಡಿಯಿತು. ದೋಣಿಗಳನ್ನು ಹೇಗೆ ಕಟ್ಟಲಾಗಿತ್ತು ಎಂಬುದು ಪೊಲೀಸ್ ತನಿಖೆಯ ವಿಷಯವೂ ಆಯಿತು.

ಇದು ನಮ್ಮ ದೇಶದ ಸಮಸ್ಯೆ ಮಾತ್ರವಲ್ಲ. ಅದೇ ವರ್ಷದ ಏಪ್ರಿಲ್ 12ರ ರಾತ್ರಿ ಅಮೆರಿಕದ ಪಿಟ್ಸ್‌ಬರ್ಗ್ ಬಳಿ ಉಕ್ಕಿದ ಒಹಾಯೊ ನದಿಯಲ್ಲಿ 26 ಸರಕು ಬಾರ್ಜ್‌ಗಳು ಕಟ್ಟು ಕಳಚಿಕೊಂಡು ತೇಲಿಹೋದವು. ಮುನ್ನೆಚ್ಚರಿಕೆಗಾಗಿ ಸೇತುವೆ ಸಂಚಾರವನ್ನು ತಡೆಯಬೇಕಾಯಿತು. ಬಾರ್ಜ್ ದೊಡ್ಡದಿರಲಿ ದೋಣಿ ಚಿಕ್ಕದಿರಲಿ, ಕಟ್ಟು ಕಳಚಿದ ಮೇಲೆ ಅದು ನದಿಯ ಆಯುಧ.

ನೀರಿನಿಂದ ಮೇಲೆತ್ತುವುದೇ ಲೇಸು

ತುಂಗಭದ್ರೆಯ ಆನೆಗೊಂದಿ, ಕಾವೇರಿಯ ಸಂಗಮಗಳಲ್ಲಿ ಹರಿಗೋಲಿನವರು ಇದಕ್ಕೆ ಸುಲಭದ ದಾರಿ ಕಂಡುಕೊಂಡಿದ್ದಾರೆ. ಕೆಲಸ ಮುಗಿದ ಮೇಲೆ ಹರಿಗೋಲನ್ನು ನೀರಿನಲ್ಲಿ ಬಿಡದೆ ದಡಕ್ಕೆ ಎಳೆದು ಬೋರಲು ಹಾಕಿಡುತ್ತಾರೆ. ಬಿದಿರಿನ ಹೆಣಿಗೆ ಒಣಗುತ್ತದೆ, ಮಳೆನೀರು ತುಂಬುವುದಿಲ್ಲ. ಹರಿಗೋಲಿಗೆ ಹಿಂದುಮುಂದಿಲ್ಲ, ಸೆಳವಿನಲ್ಲಿ ಅದು ಸುತ್ತುತ್ತದೆ. ಹಗ್ಗದಲ್ಲಿ ಕಟ್ಟಿ ನೀರಿನಲ್ಲಿ ಬಿಟ್ಟರೆ ಸುತ್ತಿ ಸುತ್ತಿ ಹಗ್ಗವೇ ಹುರಿಗೊಳ್ಳುತ್ತದೆ. ಎತ್ತಿ ಇಡಬಲ್ಲ ಹಗುರ ದೋಣಿಗೆ ಇದಕ್ಕಿಂತ ಉತ್ತಮ ಕಟ್ಟು ಇಲ್ಲ. ಆದರೆ ಬೋರಲು ಹಾಕುವ ಜಾಗ ನೆರೆಯ ಗುರುತಿಗಿಂತ ಮೇಲಿರಬೇಕು, ಅಲ್ಲಿಯೂ ಒಂದು ಹಗ್ಗ ಇರಬೇಕು.

ಎತ್ತಲಾಗದ ದೋಣಿಗೆ ಮಳೆಯೂ ವೈರಿಯೇ. 10 ಚದರ ಮೀಟರ್ ತೆರೆದ ದೋಣಿಯಲ್ಲಿ 100 ಮಿಲಿಮೀಟರ್ ಮಳೆ ಬಿದ್ದರೆ ಸೇರುವುದು 1000 ಲೀಟರ್, ಅಂದರೆ ಒಂದು ಟನ್ ನೀರು. ಕಟ್ಟು ಎಷ್ಟೇ ಭದ್ರವಾಗಿದ್ದರೂ ಹೊರಚೆಲ್ಲದ ದೋಣಿ ಗೂಟದ ಬಳಿಯೇ ಮುಳುಗುತ್ತದೆ. ಹೊದಿಕೆ ಹಾಕುವುದು, ದಿನಕ್ಕೊಮ್ಮೆ ನೀರು ಹೊರಹಾಕುವುದು, ಹಗ್ಗಗಳನ್ನು ಸಡಿಲಿಸಿ ಬಿಗಿಯುವುದು ಮಳೆಗಾಲದ ನಿತ್ಯಕರ್ಮ.

ಹತ್ತುವವರು, ಇಳಿಯುವವರು

ನಗರದಿಂದ ಹೋಗುವ ಪ್ರವಾಸಿಗೆ ಗೂಟ ಹೊಡೆಯುವ ಪ್ರಸಂಗ ಬರುವುದಿಲ್ಲ. ಆದರೆ ದೋಣಿ ಹತ್ತುವ ಮುನ್ನ ಹಗ್ಗದ ಕಡೆ ಒಮ್ಮೆ ನೋಡುವುದು ಸಾಧ್ಯ. ದೋಣಿ ಎರಡೂ ತುದಿಗಳಲ್ಲಿ ದಡಕ್ಕೆ ಕಟ್ಟಿದೆಯೇ? ಸಣ್ಣ ದೋಣಿಯಾದರೆ ಅದನ್ನು ಹಿಡಿದು ನಿಲ್ಲಿಸುವವರು ಇದ್ದಾರೆಯೇ? ಹಗ್ಗ ಸವೆದಿದೆಯೇ? ಇವಕ್ಕೆ ಉತ್ತರ ಸಮಾಧಾನಕರವಾಗಿ ಇಲ್ಲದಿದ್ದರೆ ಕಾಯುವುದೇ ಜಾಣತನ.

ಜೀವರಕ್ಷಕ ಜಾಕೆಟ್ಟನ್ನು ದೋಣಿಯಲ್ಲಿ ಕುಳಿತ ಮೇಲಲ್ಲ, ದಡದಲ್ಲಿಯೇ ಧರಿಸಬೇಕು. ಒಬ್ಬೊಬ್ಬರಾಗಿ ಹತ್ತಿ, ಅಂಚಿನ ಮೇಲೆ ಕಾಲಿಡದೆ ದೋಣಿಯ ನಡುವೆ ಕಾಲಿಟ್ಟು ಕೂಡಲೇ ಕುಳಿತುಕೊಳ್ಳಬೇಕು. ದೋಣಿಗೂ ದಡಕ್ಕೂ ನಡುವೆ ಕೈಕಾಲು ಚಾಚಿ ತಡೆಯಲು ಹೋಗಬಾರದು. ಜನ ತುಂಬಿದ ದೋಣಿಯ ಭಾರವನ್ನು ಯಾವ ಕೈಯೂ ತಡೆಯಲಾರದು. ಇಳಿಯುವ ಹೊತ್ತಿನಲ್ಲಿ ಎಲ್ಲರೂ ಒಮ್ಮೆಗೇ ಎದ್ದು ದಡದ ಕಡೆಗೆ ಸರಿದರೆ ಭಾರ ಮೇಲಕ್ಕೂ ಒಂದು ಪಕ್ಕಕ್ಕೂ ವಾಲಿ ದೋಣಿ ಮಗುಚುತ್ತದೆ. ಹಗ್ಗ ಕಟ್ಟಿ ಆಯಿತೆಂದು ದೋಣಿಯವರು ಹೇಳುವವರೆಗೆ ಯಾರೂ ಏಳಬಾರದು.

ನಗರದ ನೆರೆಯಲ್ಲಿಯೂ

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ಜಲಾವೃತವಾದಾಗ ಜನರನ್ನು ರಬ್ಬರ್ ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೊರತರಲಾಯಿತು. ಮನೆಯ ಬಾಗಿಲಲ್ಲಿ ದೋಣಿ ನಿಲ್ಲುವ ಪ್ರಸಂಗ ನಗರಕ್ಕೂ ಹೊಸದಲ್ಲ ಎಂದಾಯಿತು. ಅಲ್ಲಿಯೂ ಇದೇ ನಿಯಮಗಳು ನಡೆಯುತ್ತವೆ. ರಸ್ತೆಯ ನೀರು ನಿಂತಂತೆ ಕಂಡರೂ ರಾಜಕಾಲುವೆಯ ಬಳಿ ಸೆಳವು ಇರುತ್ತದೆ. ದೋಣಿಯನ್ನು ವಿದ್ಯುತ್ ಕಂಬಕ್ಕೋ ಸಡಿಲ ಗೇಟಿಗೋ ಕಟ್ಟದೆ ಕಟ್ಟಡದ ಗಟ್ಟಿ ಕಂಬಕ್ಕೆ ಕಟ್ಟಬೇಕು. ವೃದ್ಧರು, ಮಕ್ಕಳು ಹತ್ತುವವರೆಗೆ ಎರಡೂ ತುದಿಗಳನ್ನು ಹಿಡಿದಿರಬೇಕು.

ಒಳನಾಡಿನ ಜಲಸಂಚಾರಕ್ಕೆ ದೇಶದಲ್ಲಿ ಮತ್ತೆ ಮಹತ್ವ ಬರುತ್ತಿದೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ 111 ಜಲಮಾರ್ಗಗಳನ್ನು ಗುರುತಿಸಿದ್ದು, ಕಾಳಿ, ಶರಾವತಿ, ನೇತ್ರಾವತಿ, ಗುರುಪುರ, ಕಬಿನಿಗಳೂ ಅದರಲ್ಲಿವೆ. 1917ರ ಹಳೆಯ ಕಾಯ್ದೆಯ ಬದಲಿಗೆ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂದಿದೆ. ಕಾನೂನು ದೋಣಿಯನ್ನು ನೋಂದಾಯಿಸಬಹುದು, ತಪಾಸಣೆ ಮಾಡಿಸಬಹುದು. ಸಂಜೆ ದಡದಲ್ಲಿ ನಿಂತು ಮೇಲಿನ ಜಲಾಶಯದಿಂದ ಎಷ್ಟು ನೀರು ಬಿಟ್ಟಿದ್ದಾರೆಂದು ವಿಚಾರಿಸಿ, ಹಗ್ಗವನ್ನು ಇನ್ನೂ ಹತ್ತು ಮಾರು ಮೇಲಕ್ಕೆ ಒಯ್ದು ಕಟ್ಟಬೇಕಾದವನು ಮಾತ್ರ ದೋಣಿಯವನೇ. ಪ್ರವಾಹದ ಮುನ್ಸೂಚನೆ ಅವನಿಗೆ ಸಕಾಲದಲ್ಲಿ ತಲುಪುವಂತೆ ಮಾಡುವುದು ಆಡಳಿತದ ಹೊಣೆ. ಅವನು ನೀರು ಹೆಚ್ಚಿದೆ, ಇಂದು ದೋಣಿ ಬಿಡುವುದಿಲ್ಲ ಎಂದಾಗ ಒತ್ತಾಯಿಸದೆ ಹಿಂದಿರುಗುವುದು ಪ್ರವಾಸಿಯ ಹೊಣೆ.